ಅರವತ್ತು ಕೆ.ಜಿ. ಇಳಿಸಿದ ದಿನ

ವಿಮಾನ ಕಂಪನಿಯಲ್ಲಿ ನನಗೆ ಕೆಲಸ ಸಿಕ್ಕಿದಾಗ ನಮ್ಮಪ್ಪ ಆ ಸುದ್ದಿಯನ್ನು ರಾಜಾಜಿನಗರದ ನಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಬಟ್ಟೆ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ವಿಮಾನವನ್ನು ಆಕಾಶದಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ. ಮಗಳು ಸರ್ಕಾರದ ದೊಡ್ಡ ಕಂಪನಿಯ ಕೌಂಟರಿನಲ್ಲಿ ಸೀರೆ ಉಟ್ಟು ಕೂರುತ್ತಾಳೆ ಎಂಬುದು ಅವರಿಗೆ ಪೆನ್ಶನ್‌ಗಿಂತ ದೊಡ್ಡ ಸಮಾಧಾನವಾಗಿತ್ತು.

ಎಂಬತ್ತರ ದಶಕದ ನಡುವೆ ಆ ದೊಡ್ಡ ಕಂಪನಿಯಿಂದ ಒಂದು ಸಣ್ಣ ಕಂಪನಿ ಬೇರೆಯಾಯಿತು. ದೊಡ್ಡ ವಿಮಾನ ಇಳಿಯದ ಊರುಗಳಿಗೆ ಸಣ್ಣ ವಿಮಾನ, ಮೊದಲ ಸಲ ಹಾರುವವರಿಗೂ ಎಟುಕುವ ಟಿಕೆಟ್ಟು, ಇದು ಅದರ ಉದ್ದೇಶ. ನಮ್ಮಂಥ ಕಿರಿಯರನ್ನು ಒಂದು ಕಾಗದ ಕೊಟ್ಟು ಅಲ್ಲಿಗೆ ಕಳಿಸಿದರು.

ಕಾಗದ ಓದಿ ಹೇಳಿದ ದಿನ ಅಪ್ಪ ಕೇಳಿದರು: "ಅಲ್ಲ ಕಣಮ್ಮ, ಅದೂ ಸರ್ಕಾರದ್ದೇ ತಾನೇ?"

"ಸರ್ಕಾರದ್ದೇ ಅಪ್ಪ. ವಿಮಾನ ಚಿಕ್ಕದು, ಅಷ್ಟೇ."

"ಹಾಗಾದ್ರೆ ಬೀದಿಯೋರಿಗೆ ಏನೂ ಹೇಳೋದು ಬೇಡ," ಎಂದರು.

ನಮ್ಮ ಕೌಂಟರು ಹಾಲಿನ ಕೊನೆಯಲ್ಲಿ, ಶೌಚಾಲಯಕ್ಕೆ ಹೋಗುವ ದಾರಿಯ ಪಕ್ಕ ಇತ್ತು. ಮೇಜು, ಕುರ್ಚಿ, ತೂಕದ ಯಂತ್ರ ಎಲ್ಲ ದೊಡ್ಡ ಕಂಪನಿ ಬಳಸಿ ಬಿಟ್ಟವು. ವಿಮಾನದಲ್ಲಿ ಊಟ, ತಿಂಡಿ ಇರಲಿಲ್ಲ. ಹತ್ತುವಾಗ ಒಂದು ಪೆಪ್ಪರ್‌ಮಿಂಟು, ಕಿವಿಗಿಡಲು ಚೂರು ಹತ್ತಿ ಕೊಡುತ್ತಿದ್ದೆವು. ದೊಡ್ಡ ಕಂಪನಿಯ ನನ್ನ ಹಳೆಯ ಸಹೋದ್ಯೋಗಿಗಳು ಹಾದುಹೋಗುವಾಗ "ಏನ್ರೀ, ನಿಮ್ಮ ಆಟೋ ಹೊರಡ್ತಾ?" ಎಂದು ಕೇಳುತ್ತಿದ್ದರು. ನಾನೂ ನಗುತ್ತಿದ್ದೆ.

ನಗು ಬಾರದಿದ್ದುದು ತೂಕದ ವಿಷಯದಲ್ಲಿ. ಹತ್ತೊಂಬತ್ತೇ ಸೀಟಿನ ವಿಮಾನವಾದ್ದರಿಂದ ಸಾಮಾನಿನ ಜೊತೆಗೆ ಜನರನ್ನೂ ತೂಗಬೇಕಿತ್ತು. ಒಬ್ಬೊಬ್ಬರೂ ಯಂತ್ರದ ಮೇಲೆ ನಿಲ್ಲಬೇಕು, ನಾನು ಮುಳ್ಳು ನೋಡಿ ಬರೆದುಕೊಳ್ಳಬೇಕು. ಹೆಂಗಸರು ನಾಚಿ ಸೆರಗು ಬಿಗಿ ಹಿಡಿಯುತ್ತಿದ್ದರು. ಹಾಗಾಗಿ ಮುಳ್ಳು ನನಗೊಬ್ಬಳಿಗೇ ಕಾಣುವ ಹಾಗೆ ಯಂತ್ರವನ್ನು ತಿರುಗಿಸಿ ಇಟ್ಟುಕೊಂಡಿದ್ದೆ.

ಒಂದು ಬೇಸಿಗೆಯಲ್ಲಿ, ದೂರದ ಒಂದು ಸಣ್ಣ ಊರಿಗೆ ಹೋಗುವ ಮಧ್ಯಾಹ್ನ ಹನ್ನೆರಡರ ವಿಮಾನಕ್ಕೆ, ವಯಸ್ಸಾದ ಗಂಡ ಹೆಂಡತಿ ಬಂದರು. ಉಳಿದಿದ್ದ ಕೊನೆಯ ಎರಡು ಸೀಟನ್ನು ಬೆಳಿಗ್ಗೆಯಷ್ಟೇ ತೆಗೆದುಕೊಂಡಿದ್ದರು. ಆತ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು, ಮನೆ ವಿಜಯನಗರ. ನಾನು ರಾಜಾಜಿನಗರದವಳು ಎಂದಾಗ ಆಕೆಯ ಮುಖ ಸ್ವಲ್ಪ ಸಡಿಲವಾಯಿತು.

"ನಮ್ಮ ಕಡೆ ಹುಡುಗೀನೇ," ಎಂದು ಗಂಡನಿಗೆ ಹೇಳಿ ನನ್ನತ್ತ ತಿರುಗಿದರು. "ಮಗಳಿಗೆ ಅಲ್ಲಿ ಹೆರಿಗೆ ಆಗಿ ನಾಲ್ಕು ದಿನ ಆಯ್ತಮ್ಮ. ಇನ್ನು ಹದಿನೈದು ದಿನಕ್ಕೆ ಇಲ್ಲಿಗೆ ಕರ್ಕೊಂಡು ಬರೋಣ ಅಂತಿದ್ವಿ, ಅಷ್ಟರಲ್ಲಿ ಅಲ್ಲೇ ಆಗೋಯ್ತು. ಜ್ವರ ಇಳಿದಿಲ್ಲ, ಆಸ್ಪತ್ರೇಲಿ ಇಟ್ಟಿದೀವಿ ಅಂತ ಅಳಿಯಂದಿರ ಟೆಲಿಗ್ರಾಂ ಬಂತು. ಬಸ್ಸಿಗೆ ನಾಳೆ ಬೆಳಗಾಗುತ್ತೆ. ಇದಾದ್ರೆ ಎರಡು ಗಂಟೆ ಅಂದ್ರು."

ಅವರ ಒಂದೇ ಬ್ಯಾಗಿನಿಂದ ಓಮ, ಒಣಶುಂಠಿಯ ವಾಸನೆ ಬರುತ್ತಿತ್ತು. ಬಾಣಂತಿಗೆಂದು ಪುಡಿ, ಲೇಹ್ಯ ಎಲ್ಲ ಒಯ್ಯುತ್ತಿದ್ದರು. ಆತ ಐವತ್ತೈದು ಕೆ.ಜಿ., ಆಕೆ ನಲವತ್ತಾರು, ಬ್ಯಾಗು ಹನ್ನೆರಡು. ಬರೆದುಕೊಂಡು ಇಬ್ಬರಿಗೂ ಬೋರ್ಡಿಂಗ್ ಕಾರ್ಡ್ ಕೊಟ್ಟೆ.

ಸಾಲಿನಲ್ಲಿ ಅವರಿಗಿಂತ ಮುಂದೆ ಒಬ್ಬ ಕಾಂಟ್ರಾಕ್ಟರ್ ಇದ್ದ. ಅವನ ಎರಡು ಕಬ್ಬಿಣದ ಪೆಟ್ಟಿಗೆಗಳಲ್ಲಿ ಯಾವುದೋ ಯಂತ್ರದ ಬಿಡಿಭಾಗಗಳಿದ್ದವು. ಎರಡೂ ಸೇರಿ ಅರವತ್ತೆರಡು ಕೆ.ಜಿ. ಇಷ್ಟು ಒಯ್ಯಲು ಬಿಡುವ ಹಾಗಿಲ್ಲ ಎಂದಾಗ ಅವನು ಒಳಗೆ ಹೋಗಿ ನಮ್ಮ ಮ್ಯಾನೇಜರನ್ನು ಕಂಡುಬಂದ. ಪೆಟ್ಟಿಗೆಗಳು ವಿಮಾನಕ್ಕೆ ಹೋದವು.

ಹನ್ನೊಂದೂವರೆಗೆ ಪೈಲಟ್ ಹೇಳಿ ಕಳಿಸಿದರು. ಬಿಸಿಲು ಜಾಸ್ತಿ, ಆ ಊರಿನ ರನ್‌ವೇ ಗಿಡ್ಡ, ವಾಪಸ್ ಬರಲು ಇಂಧನವನ್ನೂ ಇಲ್ಲಿಂದಲೇ ಹೊರಬೇಕು, ಅರವತ್ತು ಕೆ.ಜಿ. ಇಳಿಸದೆ ವಿಮಾನ ಏಳುವುದಿಲ್ಲ. ನಾನು ಪಟ್ಟಿ ಹಿಡಿದು ಮ್ಯಾನೇಜರ ಬಳಿ ಹೋದೆ.

ಅವರು ಪಟ್ಟಿಯ ಕೊನೆಯ ಎರಡು ಸಾಲಿನ ಮೇಲೆ ಪೆನ್ನು ಇಟ್ಟರು. "ಈ ವಯಸ್ಸಾದವರು ಕೊನೇಲಿ ಟಿಕೆಟ್ ತಗೊಂಡಿರೋದು. ಆ ಯಜಮಾನ್ರನ್ನ ಇಳಿಸಿ. ಅವರು, ಬ್ಯಾಗು ಸೇರಿದ್ರೆ ಅರವತ್ತು ದಾಟುತ್ತೆ. ಗಲಾಟೆ ಮಾಡೋ ಥರ ಕಾಣಲ್ಲ."

"ಸಾರ್, ಆ ಕಾಂಟ್ರಾಕ್ಟರ್ ಪೆಟ್ಟಿಗೆ ಎರಡೂ ಇಳಿಸಿದ್ರೆ ಸಾಕು. ನಾಡಿದ್ದಿನ ವಿಮಾನಕ್ಕೆ ಹಾಕಬಹುದು."

"ಅವರು ಯಾರ ಕಡೆಯೋರು ಅಂತ ನಿಮಗೆ ಗೊತ್ತಿಲ್ಲ. ಹೇಳಿದಷ್ಟು ಮಾಡ್ರೀ."

ಮೊದಲು ಸಾಮಾನು ಇಳಿಸಬೇಕು, ಆಮೇಲೆ ಜನ ಎಂದು ನಮ್ಮ ನಿಯಮದ ಪುಸ್ತಕದಲ್ಲಿತ್ತು. ತರಬೇತಿಯಲ್ಲಿ ಅದನ್ನು ಬಾಯಿಪಾಠ ಮಾಡಿದ್ದೆ. ಪುಸ್ತಕ ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ನಾನು ಅದರ ಮಾತೆತ್ತಲಿಲ್ಲ. "ಆಗಲಿ ಸಾರ್" ಎಂದು ಹೊರಗೆ ಬಂದೆ.

ಇಬ್ಬರೂ ಬಾಗಿಲ ಹತ್ತಿರದ ಬೆಂಚಿನ ಮೇಲೆ ಕಾರ್ಡುಗಳನ್ನು ಕೈಯಲ್ಲೇ ಹಿಡಿದು ಕೂತಿದ್ದರು. ವಿಮಾನದಲ್ಲಿ ತೂಕ ಜಾಸ್ತಿಯಾಗಿದೆ, ಒಬ್ಬರು ಮಾತ್ರ ಹೋಗಬಹುದು, ಕೊನೆಯಲ್ಲಿ ಟಿಕೆಟ್ ಪಡೆದವರು ಇಳಿಯಬೇಕಾಗುತ್ತದೆ ಎಂದೆ. ಪೆಟ್ಟಿಗೆಗಳ ವಿಷಯ ಹೇಳಲಿಲ್ಲ.

ಆತ ನನ್ನ ಮುಖವನ್ನೇ ನೋಡಿದರು. "ಯಾರು ಇಳೀಬೇಕಮ್ಮ?"

"ನೀವು ಸಾರ್."

"ನಾನೇ ಇಳೀತೀನಿ ರೀ, ನೀವು ಹೋಗಿ," ಎಂದು ಆಕೆ ಎದ್ದುಬಿಟ್ಟರು. "ನಾನೊಬ್ಬಳೇ ಎಲ್ಲಿಗೂ ಹೋದೋಳಲ್ಲ. ಅಲ್ಲಿ ಡಾಕ್ಟರ ಹತ್ರ ನಾನೇನು ಮಾತಾಡ್ಲಿ?"

"ಸುಮ್ಮನೆ ಹೋಗೇ. ಬಾಣಂತಿ ಹತ್ರ ನೀನಿರಬೇಕು, ನಾನಿದ್ದು ಏನು ಮಾಡ್ಲಿ? ಟೆಲಿಗ್ರಾಂ ಕೊಟ್ಟಿದೀನಿ, ಅಳಿಯ ನಿಲ್ದಾಣಕ್ಕೆ ಬರ್ತಾನೆ. ನಾನು ಬೆಳಿಗ್ಗೆ ಅಷ್ಟೊತ್ತಿಗೆ ಅಲ್ಲಿರ್ತೀನಿ."

ಆಕೆ ಮೆಟ್ಟಿಲು ಹತ್ತುವಾಗ ಎರಡು ಸಲ ಹಿಂತಿರುಗಿ ನೋಡಿದರು. ಬ್ಯಾಗು ಆಗಲೇ ವಿಮಾನದೊಳಗೆ ಸೇರಿತ್ತು, ಇಳಿಸಿ ತರಲು ಹೊತ್ತಾಗುತ್ತಿತ್ತು. ಆತನಿಗೆ ಮೆಜೆಸ್ಟಿಕ್ಕಿನ ಬಸ್ಸು ತಪ್ಪುವ ಭಯ. "ನಾಡಿದ್ದು ಕಳಿಸಿಬಿಡಿ ತಾಯಿ," ಎಂದು ಬರಿಗೈಯಲ್ಲಿ ಆಟೋ ಹಿಡಿದು ಹೋದರು. ನಿಜವಾಗಿಯೂ ಒಂದು ಮಾತೂ ಜಗಳವಾಡಲಿಲ್ಲ.

ಇಳಿಸಿದ ಬ್ಯಾಗನ್ನು ಮುಂದಿನ ವಿಮಾನಕ್ಕೆ ಹಾಕಿದೆವು. ವಾರದ ನಂತರ ಅದು ವಾಪಸ್ ಬಂತು, ಬಿಡಿಸಿಕೊಳ್ಳಲು ಯಾರೂ ಬಂದಿಲ್ಲ ಎಂಬ ಚೀಟಿಯ ಜೊತೆ. ಕೌಂಟರಿನ ಹಿಂದೆ ಇಟ್ಟೆ. ದಿನವೂ ಓಮದ ವಾಸನೆ ಬರುತ್ತಿತ್ತು. ಸುಮಾರು ಮೂರು ವಾರ ನಾಳೆ ನಾಳೆ ಎಂದು ಮುಂದೂಡಿದೆ. ಹೋದರೆ ಏನು ಕೇಳಬೇಕಾಗುತ್ತದೋ ಎಂಬ ಹೆದರಿಕೆ. ಕೊನೆಗೆ ಒಂದು ಭಾನುವಾರ, ಬ್ಯಾಗಿನ ಮೇಲೆ ಬರೆದಿದ್ದ ಮನೆಯ ವಿಳಾಸ ಹಿಡಿದು ವಿಜಯನಗರಕ್ಕೆ ಹೋದೆ.

ಹೆಂಚಿನ ಸಣ್ಣ ಮನೆ, ಮುಂದೆ ಒಂದು ಕರಿಬೇವಿನ ಗಿಡ. ಆಕೆ ಬಾಗಿಲು ತೆಗೆದು ನನ್ನನ್ನೂ ಬ್ಯಾಗನ್ನೂ ನೋಡಿದರು. ಒಳಗೆ ಮಗು ಅಳುವುದು ಕೇಳಿಸಿತು. ಆ ಸದ್ದಿಗೆ ನನ್ನ ಎದೆ ಹಗುರವಾಯಿತು. ಎಲ್ಲ ಸರಿಹೋಗಿದೆ ಎಂದುಕೊಂಡು ಕೇಳಿಬಿಟ್ಟೆ: "ಮಗಳು ಹುಷಾರಾದ್ರಾ ಅಮ್ಮ?"

"ಇಲ್ಲಮ್ಮ. ಅವತ್ತೇ ಸಂಜೆ ಹೋಗಿಬಿಟ್ಟಳು," ಎಂದರು. "ಒಳಗೆ ಬನ್ನಿ."

ಚಾಪೆಯ ಮೇಲೆ ಆತ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ಹೆಣ್ಣು ಮಗು, ಅಂಗೈಯಷ್ಟು ಮುಖ. ಒಂದು ತಿಂಗಳಲ್ಲಿ ಆತ ಬಹಳ ಇಳಿದುಹೋಗಿದ್ದರು. ನಾನು ಬಾಗಿಲ ಪಕ್ಕ ಕೂತೆ. ಆಕೆ ನಿಧಾನಕ್ಕೆ ಹೇಳಿದರು.

"ನಾನು ಹೋದಾಗ ಎಚ್ಚರ ಇತ್ತಮ್ಮ. ನನ್ನ ಕೈ ಹಿಡ್ಕೊಂಡಳು. ಅಪ್ಪ ಎಲ್ಲಿ, ಅಪ್ಪ ಯಾಕೆ ಬರಲಿಲ್ಲ ಅಂತ ಒಂದೇ ಸಮ ಕೇಳಿದಳು. ಹಿಂದಿನಿಂದ ಬರ್ತಾರೆ ಕಣೇ ಅಂದೆ. ದೀಪ ಹಚ್ಚೋ ಹೊತ್ತಿಗೆ ಮುಗಿದುಹೋಯ್ತು. ಚಿಕ್ಕಂದಿನಿಂದ ಅವಳಿಗೆ ಅಪ್ಪನೇ ಎಲ್ಲ. ನಾನು ಹಟ ಮಾಡಿ ಇಳಿದಿದ್ರೆ ಇವರು ಹೋಗ್ತಿದ್ರು. ಮಗು ಮುಖ ನೋಡಿದಾಗೆಲ್ಲ ಅದೇ ಅನ್ಸುತ್ತೆ."

ಇದಕ್ಕೆ ನನ್ನ ಬಳಿ ಉತ್ತರವಿತ್ತು. "ನೀವು ಇಳಿದಿದ್ರೂ ಆಗ್ತಿರಲಿಲ್ಲ ಅಮ್ಮ. ನೀವು, ಬ್ಯಾಗು ಸೇರಿದ್ರೆ ಐವತ್ತೆಂಟೇ ಕೆ.ಜಿ. ಎರಡು ಕೆ.ಜಿ. ಸಾಲ್ತಿರಲಿಲ್ಲ. ಅದರಲ್ಲಿ ನಿಮ್ಮ ತಪ್ಪಿಲ್ಲ."

ಆಕೆ ನನ್ನತ್ತ ಬಾಗಿದರು. "ನಿಜವಾ?"

"ನಾನೇ ಬರ್ಕೊಂಡಿದ್ದು."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. ಆಗ ಆತ ಮೊದಲ ಸಲ ಮಾತನಾಡಿದರು. ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಅಳತೆ ನೋಡಿದ ಮನುಷ್ಯ.

"ನಮ್ಮ ಮುಂದೆ ಒಬ್ಬರು ಕಬ್ಬಿಣದ ಪೆಟ್ಟಿಗೆ ಹಾಕಿಸಿದ್ರಲ್ಲ, ಅದೆಷ್ಟಿತ್ತಮ್ಮ?"

ಸುಳ್ಳು ಹೇಳಬಹುದಿತ್ತು. ನೆನಪಿಲ್ಲ ಎಂದೂ ಹೇಳಬಹುದಿತ್ತು. "ಅರವತ್ತೆರಡು," ಎಂದೆ. "ಅದನ್ನ ಇಳಿಸಿದ್ರೆ ನೀವಿಬ್ಬರೂ ಹೋಗಬಹುದಿತ್ತು. ನನಗೆ ಗೊತ್ತಿತ್ತು. ಮ್ಯಾನೇಜರಿಗೆ ಒಂದು ಸಲ ಹೇಳಿದೆ, ಅವರು ಬೇಡ ಅಂದ್ರು. ನಿಮಗೆ ಹೇಳಲಿಲ್ಲ."

ಮಗುವಿನ ತಲೆ ಸವರುತ್ತಿದ್ದ ಆತನ ಕೈ ನಿಂತಿತು. "ಹೇಳಿದ್ರೆ ನಾನು ಅಲ್ಲೇ ಕೂತುಬಿಡ್ತಿದ್ದೆ ಕಣಮ್ಮ. ಇಳೀತಿರಲಿಲ್ಲ."

"ಹೇಳಬೇಕಿತ್ತು," ಎಂದೆ.

ಆತ "ಹೂಂ" ಎಂದರು. ಪರವಾಗಿಲ್ಲ ಬಿಡಿ ಎನ್ನಲಿಲ್ಲ, ಬೈಯಲೂ ಇಲ್ಲ. ಆ "ಹೂಂ" ಇಷ್ಟು ವರ್ಷವಾದರೂ ನನ್ನೊಳಗೆ ಹಾಗೆಯೇ ಇದೆ.

ಹೊರಡುವಾಗ ಆಕೆ ಬ್ಯಾಗು ಬಿಚ್ಚಿ, ಓಮ, ಶುಂಠಿಯ ಪುಡಿಯ ಡಬ್ಬ ಮತ್ತು ಲೇಹ್ಯದ ಜಾಡಿಯನ್ನು ನನ್ನ ಕೈಗಿಟ್ಟರು. "ನಿಮ್ಮ ಕಡೆ ಯಾರಾದ್ರೂ ಬಾಣಂತಿ ಇದ್ರೆ ಕೊಡಿ. ಮನೇಲಿದ್ರೆ ನೋಡಕ್ಕಾಗಲ್ಲ." ನಮ್ಮ ಹಿಂದಿನ ಬೀದಿಯಲ್ಲಿ ಹೆರಿಗೆಯಾಗಿದ್ದ ಒಬ್ಬಳಿಗೆ ಕೊಟ್ಟೆ. ಯಾರು ಮಾಡಿದ್ದು ಎಂದು ಅವಳ ತಾಯಿ ಕೇಳಿದಾಗ, ಗೊತ್ತಿರುವವರು ಎಂದಷ್ಟೇ ಹೇಳಿದೆ.

ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರು ಊಟದ ತಟ್ಟೆಯ ಮುಂದೆ ಕೂತವರು ಕೈ ತೊಳೆದು ಎದ್ದರು. ಕೆಲಸ ಬಿಡು ಎನ್ನಬಹುದು ಎಂದುಕೊಂಡಿದ್ದೆ. ಹಾಗೆನ್ನಲಿಲ್ಲ. ಮರುದಿನ ಹೊರಡುವಾಗ ಬಾಗಿಲವರೆಗೆ ಬಂದು, "ನಿನ್ನ ಪುಸ್ತಕದಲ್ಲಿ ಇರೋದನ್ನ ಬಾಯಿ ಬಿಟ್ಟು ಹೇಳು. ಆಮೇಲೆ ಏನಾದ್ರೂ ಆಗಲಿ," ಎಂದರು.

ಆ ವರ್ಷದ ಕೊನೆಗೆ ಇನ್ನೊಂದು ಸಲ ಅಂಥದೇ ಸಂದರ್ಭ ಬಂತು. ಈ ಸಲ ನಲವತ್ತು ಕೆ.ಜಿ. ಇಳಿಸಬೇಕಿತ್ತು. ಒಬ್ಬ ದೊಡ್ಡ ಮನುಷ್ಯನ ಸೂಟ್‌ಕೇಸುಗಳಿದ್ದವು, ಬ್ಯಾಂಕಿನ ಪರೀಕ್ಷೆಗೆ ಹೊರಟಿದ್ದ ಒಬ್ಬ ಹುಡುಗಿಯಿದ್ದಳು. ಮ್ಯಾನೇಜರು ಹುಡುಗಿಯ ಹೆಸರಿನ ಮೇಲೆ ಪೆನ್ನು ಇಟ್ಟರು. ನಾನು ಕೌಂಟರಿಗೆ ಬಂದು, ಡ್ರಾಯರಿನಿಂದ ಪುಸ್ತಕ ತೆಗೆದು, ಸಾಲಿನಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ ಆ ನಿಯಮವನ್ನು ಓದಿದೆ. ಎರಡು ಸಲ ತಡವರಿಸಿದೆ. ಸದ್ದಿಗೆ ಹೊರಬಂದ ಮ್ಯಾನೇಜರಿಗೆ ಸಾಲಿನಲ್ಲಿದ್ದ ಯಾರೋ "ಸರಿಯಾಗೇ ಇದೆಯಲ್ಲ ಸಾರ್, ಸೂಟ್‌ಕೇಸು ಇಳಿಸಿ" ಎಂದರು. ಸೂಟ್‌ಕೇಸುಗಳು ಇಳಿದವು, ಹುಡುಗಿ ಹೋದಳು.

ಮರುವಾರ ನನಗೊಂದು ಮೆಮೊ ಬಂತು. ಅದಾದ ತಿಂಗಳಲ್ಲಿ ನಗರದೊಳಗಿನ ಕಚೇರಿಗೆ, ಫೋನು ಎತ್ತುವ ಕೋಣೆಗೆ ಹಾಕಿದರು. ಕಿಟಕಿಯಿಲ್ಲದ ಕೋಣೆ. ಯಾವ ಊರಿಗೆ ಯಾವ ವಾರ ವಿಮಾನ, ಸೀಟು ಇದೆಯಾ, ಇಲ್ಲವಾ ಎಂದು ದಿನವಿಡೀ ಹೇಳುತ್ತಿರಬೇಕು. ದಶಕ ಮುಗಿಯುವ ಹೊತ್ತಿಗೆ ನಾನು ಹೇಳಬೇಕಾದ ಊರುಗಳ ಪಟ್ಟಿಯೇ ಚಿಕ್ಕದಾಗುತ್ತ ಬಂತು. ಆ ಗಂಡ ಹೆಂಡತಿ ಹೊರಟಿದ್ದ ಊರಿನ ವಿಮಾನವೂ ನಿಂತಿತು.

ವಿಜಯನಗರದ ಮನೆಗೆ ನಾನು ಆಗಾಗ ಹೋಗುತ್ತಿದ್ದೆ. ಕರೆದಿರಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. ಆತ ನನ್ನೊಡನೆ ಹೆಚ್ಚು ಮಾತನಾಡುತ್ತಿರಲಿಲ್ಲ. ಮಗುವಿಗೆ ಎರಡು ವರ್ಷವಾದಾಗ ಅಳಿಯ ಮತ್ತೆ ಮದುವೆಯಾಗಿ, ಮಗಳನ್ನು ತಾನೇ ಸಾಕುತ್ತೇನೆಂದು ಕರೆದೊಯ್ಯಲು ಬಂದ. ಹೊಸ ಹೆಂಡತಿ ಒಳ್ಳೆಯವಳಂತೆ ಕಂಡಳು, ಮಗು ಅವಳ ಕೈಗೆ ಅಳದೆ ಹೋಯಿತು. ಅಂದು ಸಂಜೆ ನಾನು ಅಲ್ಲೇ ಇದ್ದೆ. ಅವರ ಟ್ಯಾಕ್ಸಿ ತಿರುವು ದಾಟಿದ ಮೇಲೆ ಆಕೆ ಒಳಗೆ ಹೋಗಿ ಒಲೆ ಹಚ್ಚಿದರು. ಆತ ಗೇಟಿನ ಹತ್ತಿರ ನಿಂತೇ ಇದ್ದರು. ಸ್ವಲ್ಪ ಹೊತ್ತಿನ ಮೇಲೆ ನನ್ನತ್ತ ತಿರುಗಿ, "ಕಾಫಿ ಕುಡ್ಕೊಂಡು ಹೋಗಮ್ಮ," ಎಂದರು. ಅಷ್ಟು ದಿನ ಆ ಮನೆಯಲ್ಲಿ ಕಾಫಿ ಕೊಡುತ್ತಿದ್ದವರು ಆಕೆ. ಆತ ತಾವಾಗಿ ಕರೆದದ್ದು ಅದೇ ಮೊದಲು.