ಹೊಳೆಆಲೂರಿನಲ್ಲಿ ಓದಿದ ಅಧ್ಯಾಯ

ಗದಗಿನಿಂದ ರೋಣಕ್ಕೆ ಬೆಳಗಿನ ಎಂಟರ ಬಸ್ಸು ಹಿಡಿದೆ. ಹೆಂಗಸರಿಗೆ ಟಿಕೆಟ್ ಉಚಿತ. ಸೀಟು ಮಾತ್ರ ಸಿಗಲಿಲ್ಲ. ಚೀಲದಲ್ಲಿ ನಾನು ಅನುವಾದಿಸುತ್ತಿದ್ದ, ಅಮೆರಿಕದ ಕಪ್ಪು ಲೇಖಕಿಯೊಬ್ಬರ ಕಾದಂಬರಿಯ ಒಂದು ಅಧ್ಯಾಯವಿತ್ತು. ಹೊಳೆಆಲೂರಿನಲ್ಲಿ ಶಿಕ್ಷಕಿಯಾಗಿರುವ ಗೆಳತಿ ಸುಮಂಗಲಾ, ಅದನ್ನು ಊರ ಹೆಂಗಸರಿಗೆ ಓದಿ ಹೇಳು ಎಂದು ಕರೆದಿದ್ದಳು.

ರೋಣದಲ್ಲಿ ಮುಂದಿನ ಬಸ್ಸಿಗೆ ಮುಕ್ಕಾಲು ತಾಸು ಕಾದೆ. ಮಿರ್ಚಿ ಭಜಿ ತಿಂದು ಚಹಾ ಕುಡಿದೆ. ಅಲ್ಲಿಂದಾಚೆ ದಾರಿಯುದ್ದಕ್ಕೂ ಎರೆಹೊಲಗಳಲ್ಲಿ ಕಡಲೆ ಕೀಳುತ್ತಿದ್ದರು. ಹನ್ನೊಂದಕ್ಕೇ ಬಿಸಿಲು ಚುರುಕಾಗಿತ್ತು.

ಸುಮಂಗಲಾಳ ಪಡಸಾಲೆಯಲ್ಲಿ ಹತ್ತು ಹನ್ನೆರಡು ಮಂದಿ ಸೇರಿದ್ದರು. ಕಥೆ ಇಷ್ಟು: ಕಪ್ಪು ಹೆಂಗಸೊಬ್ಬಳು ಬಿಳಿಯರ ಮಕ್ಕಳನ್ನು ಸಾಕುವ ಕೆಲಸಕ್ಕೆ ದೂರದ ನಗರಕ್ಕೆ ಹೋಗುತ್ತಾಳೆ. ಅವಳ ಸ್ವಂತ ಮಗಳು ನೆರೆಮನೆಯವಳ ಕೈಯಲ್ಲಿ ಬೆಳೆಯುತ್ತಾಳೆ. ‘ಮಗಳನ್ನು ಬಿಟ್ಟು ಹೋದಳು’ ಎಂದು ಓದಿದಾಗ, ಗೋಡೆಗೆ ಒರಗಿ ಕುಳಿತಿದ್ದ ಗಂಗವ್ವ ಎಂಬವರು ತಡೆದರು.

“ಬಿಟ್ಟು ಹೋದಳು ಅನಬ್ಯಾಡ್ರಿ. ಇಟ್ಟು ಹೋದಳು ಅನ್ರಿ.”

ಸುಮಂಗಲಾ ನನ್ನ ಕಿವಿಯಲ್ಲಿ ಹೇಳಿದಳು: ಗಂಗವ್ವ ಹನ್ನೆರಡು ವರ್ಷದಿಂದ ಗೋವಾದಲ್ಲಿ ಕಟ್ಟಡದ ಕೂಲಿ, ಈಗ ನಾಲ್ಕು ದಿನಕ್ಕೆಂದು ಊರಿಗೆ ಬಂದಿದ್ದಾರೆ. ಐದು ವರ್ಷದ ಮಗಳು ರೇಣುಕಾಳನ್ನು ನೆರೆಯ ಶಾಂತವ್ವನ ಬಳಿ ಇರಿಸಿ ಹೋಗಿದ್ದರು. ರೇಣುಕಾ ಈಗ ಕಾಲೇಜು ಹುಡುಗಿ. ಶಾಂತವ್ವನನ್ನೇ ಅವ್ವ ಅನ್ನುತ್ತಾಳೆ; ಹೆತ್ತವಳು ಬರೀ ‘ಆಕಿ’.

ಬಾಗಿಲಲ್ಲಿ ನಿಂತಿದ್ದ ರೇಣುಕಾ ನೇರವಾಗಿ ತಾಯಿಯನ್ನು ಕೇಳಿದಳು. “ಮತ್ತ ನನ್ನ ಯಾಕ ಕರಕೊಂಡು ಹೋಗಲಿಲ್ಲ?”

ಗಂಗವ್ವ ನಿಧಾನವಾಗಿ ಹೇಳಿದರು. ಇದ್ದದ್ದು ತಗಡಿನ ಶೆಡ್ಡು, ಬಾಗಿಲಿಗೆ ಚಿಲಕವಿಲ್ಲ. ತಾನು ದಿನವಿಡೀ ಮೇಲಿನ ಮಹಡಿಗಳಿಗೆ ಇಟ್ಟಿಗೆ ಹೊರುವವಳು. ಕೆಳಗೆ ಹೆಣ್ಣುಕೂಸನ್ನು ಯಾರ ನಂಬಿಕೆಯ ಮೇಲೆ ಬಿಡುವುದು? ಆಗ ಹೆಂಗಸರ ನಡುವೆ ಕುಳಿತಿದ್ದ ಶಾಂತವ್ವ ತಲೆ ತಗ್ಗಿಸಿ, ಇದೆಲ್ಲ ತನಗೆ ಮೊದಲೇ ಗೊತ್ತಿತ್ತು ಎಂದರು. ಹೇಳಿದರೆ ಹುಡುಗಿ ಕೈತಪ್ಪುತ್ತಾಳೆಂದು ಸುಮ್ಮನಿದ್ದರಂತೆ.

ರೇಣುಕಾ ಬಾಗಿಲಿನಿಂದಲೇ ಹೊಳೆಯ ಕಡೆ ಹೋದಳು. ಊಟಕ್ಕೂ ಬರಲಿಲ್ಲ. ರೊಟ್ಟಿ, ಎಣಗಾಯಿ ಮುಂದಿದ್ದರೂ ಆ ಇಬ್ಬರು ಹೆಂಗಸರು ಬಾಗಿಲ ಕಡೆಯೇ ನೋಡುತ್ತಿದ್ದರು. ಈ ಕಥೆ ಇಲ್ಲಿಗೆ ತಂದು ತಪ್ಪು ಮಾಡಿದೆನೇನೋ ಅನ್ನಿಸಿತು. ಹಾಳೆಯಲ್ಲಿ ‘ಬಿಟ್ಟು’ ಹೊಡೆದುಹಾಕಿ ‘ಇಟ್ಟು’ ಎಂದು ಬರೆದೆ.

ಸಂಜೆ ರೈಲಿಗೆಂದು ಸ್ಟೇಷನ್ನಿಗೆ ಬಂದರೆ ರೇಣುಕಾ ಕಾಯುತ್ತಿದ್ದಳು. ಆ ಹಾಳೆಗಳು ಬೇಕೆಂದಳು.

“ಅವ್ವ ಸೋಮವಾರ ಗೋವಾಕ್ಕ ಹೋಗತಾಳ್ರಿ. ಅಷ್ಟರೊಳಗ ಇಬ್ಬರನೂ ಕುಂದ್ರಿಸಿ ಓದಿ ಹೇಳತೀನಿ.”

ಕೊಟ್ಟೆ. ರೈಲು ಹೊರಟಾಗ ತಿರುಗಿ ನೋಡಿದೆ. ಅವಳು ಕಲ್ಲುಬೆಂಚಿನ ಮೇಲೆ ಕುಳಿತು ಆಗಲೇ ಓದತೊಡಗಿದ್ದಳು.