ಜಾಡಿಗೆ ಬ್ರಾಂದಿ ಸುರಿಯುವ ಹೊತ್ತು

ನವೆಂಬರ್ 23, ಭಾನುವಾರ, ಬೆಳಗ್ಗೆ 7:40. ಓಕಳಿಪುರಂನ ದೊಡ್ಡಮ್ಮನ ಅಡುಗೆಮನೆಯಲ್ಲಿ ನಾಲ್ಕು ಕಿಲೋ ನೀಲಿ ದ್ರಾಕ್ಷಿ ಹಿಸುಕಿ, ಸಕ್ಕರೆ ಬೆರೆಸಿ, ಉಪ್ಪಿನಕಾಯಿಯ ದೊಡ್ಡ ಜಾಡಿಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿದೆವು.

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಪ್ರತಿ ಚಳಿಗಾಲಕ್ಕೂ ಈ ವೈನ್ ಮಾಡುತ್ತಾರೆ. ದ್ರಾಕ್ಷಿ ಹುಳಿಯುತ್ತಿರುವಾಗಲೇ, ಅದರ ಸಿಹಿಯೆಲ್ಲ ಕರಗಿಹೋಗುವ ಮೊದಲೇ, ಬ್ರಾಂದಿ ಸುರಿದು ಹುಳಿಯುವುದನ್ನು ನಿಲ್ಲಿಸಬೇಕು. ಆಗ ಸಿಹಿಯೂ ಉಳಿಯುತ್ತದೆ, ಎದೆ ಬೆಚ್ಚಗಾಗುವ ಬಿಸಿಯೂ ಬರುತ್ತದೆ. ಬೇಗ ಸುರಿದರೆ ಬರೀ ಸಿಹಿರಸ, ತಡವಾದರೆ ಒಗರು. ಆ ಹೊತ್ತನ್ನು ಇಷ್ಟು ವರ್ಷ ಅವರು ಮೂಗಿನಿಂದಲೇ ಹಿಡಿಯುತ್ತಿದ್ದರು. ಜೂನ್‌ನಲ್ಲಿ ಬಂದ ಜ್ವರ ಇಳಿದ ಮೇಲೆ ಅವರಿಗೆ ಯಾವ ವಾಸನೆಯೂ ತಿಳಿಯುತ್ತಿಲ್ಲ. ಹಾಲು ಸೀದಿದ್ದನ್ನು ಎದುರುಮನೆಯವರು ಬಂದು ಹೇಳಬೇಕಾಯಿತು.

"ಈ ವರ್ಷ ಬೇಡ ಬಿಡೇ," ಅಂದಿದ್ದರು.

"ನಾನ್ ಲೆಕ್ಕ ಇಡ್ತೀನಲ್ಲ ದೊಡ್ಡಮ್ಮ. ಮೂಗು ಯಾಕೆ ಬೇಕು?" ಅಂದಿದ್ದೆ ನಾನು.

ದಿನಕ್ಕೆರಡು ಸಲ, ಒಂದು ನಿಮಿಷ, ಜಾಡಿಗೆ ಕಿವಿಯಿಟ್ಟು ಗುಳ್ಳೆ ಒಡೆಯುವ ಸದ್ದು ಎಣಿಸಿ ಡೈರಿಯಲ್ಲಿ ಬರೆದಿಟ್ಟೆ. ಎರಡನೆಯ ದಿನ ಸಂಜೆ 12. ಮೂರನೆಯ ದಿನ 47. ನಾಲ್ಕಕ್ಕೆ 96. ಐದನೆಯ ಬೆಳಗ್ಗೆ 104, ಸಂಜೆ 58. ನವೆಂಬರ್ 28, ಬೆಳಗ್ಗೆ 7:15ಕ್ಕೆ 31. ಎಣಿಕೆ ಅತಿ ಹೆಚ್ಚು ಏರಿದ್ದರ ಮೂರನೇ ಒಂದು ಭಾಗಕ್ಕೆ ಇಳಿದರೆ ಸುರಿಯುವುದು ಎಂದು ನಾನೇ ಗೊತ್ತು ಮಾಡಿಕೊಂಡಿದ್ದೆ. ದೊಡ್ಡಮ್ಮ ಅಭ್ಯಾಸಬಲದಿಂದ ಜಾಡಿಯ ಮೇಲೆ ಬಗ್ಗಿ ಮೂಸಿದರು. "ಗೋಡೆ ಮೂಸ್ದಂಗಿದೆ," ಎಂದು ನನ್ನ ಮಾತನ್ನೇ ನಂಬಿ ಬ್ರಾಂದಿ ಬಾಟಲಿ ಬಗ್ಗಿಸಿದರು.

ಜನವರಿ 4, ಭಾನುವಾರ, ಸಂಜೆ 5:30. ತಾರಸಿಯ ಮೇಲೆ ಮೂರು ಕುರ್ಚಿ, ಮೂರು ಸಣ್ಣ ಸ್ಟೀಲ್ ಲೋಟ, ಉಪ್ಪು ಹಾಕಿ ಬೇಯಿಸಿದ ಅವರೆಕಾಯಿ. ಬಿನ್ನಿಪೇಟೆಯಿಂದ ದೊಡ್ಡಮ್ಮನ ಗೆಳತಿ ಬಂದಿದ್ದರು, ನಿವೃತ್ತ ನರ್ಸ್. ಮಫ್ಲರ್, ಸ್ವೆಟರ್, ಮೇಲೊಂದು ಶಾಲು. ಒಂದು ಗುಟುಕು ಕುಡಿದು ಲೋಟವನ್ನೇ ನೋಡಿದರು.

"ಏನೇ ಇದು, ರಾಮನವಮಿ ಪಾನಕ ಈಗ್ಲೇ ಮಾಡ್ಬಿಟ್ಯಾ? ಏಲಕ್ಕಿ ಹಾಕೋದ್ ಮರ್ತಿದೀಯ ಅಷ್ಟೇ."

ದೊಡ್ಡಮ್ಮ ನಗುತ್ತಲೇ ನನ್ನತ್ತ ತಿರುಗಿದರು. "ಹೌದೇನೇ?"

ಸುಳ್ಳು ಹೇಳಬಹುದಿತ್ತು. "ಸಿಹಿ ಜಾಸ್ತಿ ಆಗಿದೆ. ಬೇಗ ಸುರಿಸ್ಬಿಟ್ಟೆ," ಎಂದೆ. ಹೋದ ವಾರ ಡೈರಿ ತಿರುವಿದಾಗ ನನಗೇ ಹೊಳೆದಿತ್ತು. ನವೆಂಬರ್ 27ರ ಪುಟದಲ್ಲಿ, 58ರ ಪಕ್ಕದಲ್ಲೇ, 'ಚಳಿ, ಕಂಬಳಿ ಎರಡು' ಎಂದು ನನ್ನ ಕೈಬರಹವೇ ಇದೆ. ಜಾಡಿ ಕಿಟಕಿಯ ಕೆಳಗೆ ಬರಿನೆಲದ ಮೇಲಿತ್ತು. ಹುಳಿಯುವುದು ಮುಗಿಯುತ್ತ ಬಂದು ಗುಳ್ಳೆ ಕಡಿಮೆಯಾದದ್ದಲ್ಲ, ಚಳಿಗೆ ನಿಧಾನವಾದದ್ದು.

ದೊಡ್ಡಮ್ಮ ಲೋಟ ಕೆಳಗಿಟ್ಟರು. "ನಂಗೆ ಚೆನ್ನಾಗೇ ಇತ್ತಲ್ಲೇ. ಸಿಹಿ, ಆಮೇಲೆ ಗಂಟಲಲ್ಲಿ ಬಿಸಿ. ಅಷ್ಟೇ ತಾನೇ ನಂಗೆ ಗೊತ್ತಾಗೋದು. ಈ ಅವರೆಕಾಯಿ ಸೊಗಡೂ ಇಲ್ಲ. ಅದಕ್ಕೇ ಬೇಡ ಅಂದಿದ್ದು. ಇನ್ಮೇಲೆ ಮಾಡಲ್ಲ."

"ಮಾಡಲ್ಲ ಅನ್ನೋಕೆ ನೀನ್ಯಾರೇ?" ಗೆಳತಿ ಲೋಟ ಚಾಚಿದರು. "ಚಳಿಗಾಲ ಪೂರ್ತಿ ನಾನೇನ್ ಕಷಾಯ ಕುಡೀಲಾ? ಹಾಕಿನ್ನೊಂದು. ಪಾನಕ ಆದ್ರೂ ಒಳ್ಳೆ ಬಿಸಿ ಇದೆ."

ಮೊದಲ ಲೋಟಕ್ಕೆ ಅವರ ಶಾಲು ಇಳಿಯಿತು, ಎರಡನೆಯದಕ್ಕೆ ಮಫ್ಲರ್, ಮೂರನೆಯದಕ್ಕೆ ಸ್ವೆಟರ್‌ನ ಗುಂಡಿ ಬಿಚ್ಚಿಕೊಂಡವು. ನನ್ನದು ಎರಡು ಲೋಟ, ಕಿವಿ ಬೆಚ್ಚಗಾಗಿತ್ತು. ದೊಡ್ಡಮ್ಮ ಒಂದನ್ನೂ ಮುಗಿಸಲಿಲ್ಲ.

ಜನವರಿ 11, ಭಾನುವಾರ. ನಾನೇ ಮೂರು ಕಿಲೋ ದ್ರಾಕ್ಷಿ ಕೊಂಡುಹೋದೆ. ಅವರು ಬೈದರು, ಆಮೇಲೆ ಹಿಸುಕಲು ಕುಳಿತರು. ಯಾವ ವಾಸನೆಗೆ ಕಾಯುತ್ತಿದ್ದಿರಿ ಎಂದು ಕೇಳಿದೆ.

"ಮೊದ್ಲು ಕಳಿತ ಬಾಳೆಹಣ್ಣು. ಆಮೇಲೆ ಉಕ್ಕಿದ ಇಡ್ಲಿ ಹಿಟ್ಟು. ಹಿಟ್ಟಿನ ವಾಸನೆ ಅಡಗ್ತಿದ್ದಂಗೆ ಇನ್ನೊಂದ್ ಬರುತ್ತೆ..." ಕೈ ದ್ರಾಕ್ಷಿಯಲ್ಲೇ ನಿಂತಿತು. "ಹೇಳೋಕ್ ಬರ್ತಿಲ್ಲ ಕಣೇ. ಮರ್ತೇ ಹೋಗ್ತಿದೆ."

ಜಾಡಿಗೆ ಹಳೆಯ ಸ್ವೆಟರ್ ಸುತ್ತಿ ಒಲೆಯ ಮೂಲೆಯಲ್ಲಿಟ್ಟೆವು. ಈ ಸಲ ನಾನು ಎಣಿಸಲಿಲ್ಲ. ಮೂಸಿ ಹೇಳುತ್ತ ಹೋದೆ. ಅವರು 'ಅದಲ್ಲ' ಎನ್ನುತ್ತ ಹೋದರು. ಸಂಕ್ರಾಂತಿಯ ಮಾರನೆಯ ಬೆಳಗ್ಗೆ ಹಿಟ್ಟಿನ ವಾಸನೆ ಇರಲಿಲ್ಲ. ಮೂಗಿನ ತುದಿಗೆ ಸಣ್ಣಗೆ ಚುಚ್ಚುವ, ಒದ್ದೆ ಮಣ್ಣಿನ ಮಡಕೆಯಂಥ ಏನೋ ಇತ್ತು. ಹಾಗೆಂದೆ. ದೊಡ್ಡಮ್ಮ ಬ್ರಾಂದಿ ಬಾಟಲಿ ಕೈಗೆತ್ತಿಕೊಂಡರು. "ಇರಬೋದು," ಎಂದು ಸುರಿದರು. ಸರಿಯೋ ತಪ್ಪೋ ಫೆಬ್ರವರಿಗೆ ಗೊತ್ತಾಗುತ್ತದೆ.

ಮನೆಯಲ್ಲಿ ಹೀಗೆ ಬ್ರಾಂದಿ ಬೆರೆಸಿ ವೈನ್ ಮಾಡುವವರು ಇದನ್ನು ಓದುತ್ತಿದ್ದರೆ, ಆ ಕೊನೆಯ ವಾಸನೆ ನಿಮಗೆ ಯಾವುದರಂತೆ ಅನ್ನಿಸುತ್ತದೆ ಎಂದು ದಯವಿಟ್ಟು ಬರೆದು ತಿಳಿಸಿ. ದೊಡ್ಡಮ್ಮನಿಗೆ ಓದಿ ಹೇಳುತ್ತೇನೆ, ಕೇಳಿದರೆ ನೆನಪಾದೀತು. ಜ್ವರದಲ್ಲಿ ಹೋದ ವಾಸನೆ ಮರಳಿ ಬಂದವರು, ಎಷ್ಟು ತಿಂಗಳಿಗೆ ಬಂತು, ಮೊದಲು ಬಂದದ್ದು ಯಾವುದು ಎಂಬುದನ್ನೂ ಬರೆಯಿರಿ. ದೊಡ್ಡಮ್ಮನದು ಹೋಗಿ ಏಳು ತಿಂಗಳಾಯಿತು.