ಪಶ್ಚಿಮಕ್ಕೆ ಮುಖ

ಗಜೇಂದ್ರಗಡದ ದ್ಯಾವಪ್ಪನಿಗೆ ಧರ್ಮಗಳ ಬಗ್ಗೆ ಗೊತ್ತಿರುವಷ್ಟು ವೇದಿಕೆ ಹತ್ತಿ ಭಾಷಣ ಬಿಗಿಯುವವರಿಗೂ ಗೊತ್ತಿರಲಿಕ್ಕಿಲ್ಲ. ಅವನು ನಲವತ್ತು ವರ್ಷದಿಂದ ಹೆಣಕ್ಕೆ ಕುಣಿ ತೋಡುವವನು. ಲಿಂಗಾಯತರದ್ದಾದರೆ ಚೌಕದ ಕುಣಿ, ಗೋಡೆಯಲ್ಲೊಂದು ಗೂಡು. ಸತ್ತವರು ಅದರಲ್ಲಿ ಪೂಜೆಗೆ ಕೂತಂತೆ ಕೂರಬೇಕು. ಮುಸಲ್ಮಾನರದ್ದಾದರೆ ಉದ್ದ ಕುಣಿ, ತಲೆ ಉತ್ತರಕ್ಕೆ. ಬಲಮಗ್ಗುಲಾಗಿಸಿ, ಬೆನ್ನಿಗೆ ಮಣ್ಣಿನ ಹೆಂಟೆ ಕೊಟ್ಟು, ಮುಖ ಪಶ್ಚಿಮಕ್ಕೆ ಮಕ್ಕಾದ ಕಡೆ ತಿರುಗಿಸಬೇಕು. ರೋಣದ ಒಂದೆರಡು ಕ್ರೈಸ್ತ ಮನೆಗಳಿಂದ ಕರೆ ಬಂದರೆ ಮೊದಲು ಪೆಟ್ಟಿಗೆಯ ಅಳತೆ ಕೇಳುತ್ತಾನೆ. ಅವರ ಕಾಲು ಪೂರ್ವಕ್ಕೆ. ಸುಡುವ ಮಂದಿಯ ಉಸಾಬರಿ ಅವನಿಗಿಲ್ಲ. ಹಿಡಿ ಮಣ್ಣು ಹಾಕಿ ಅಳುವುದೊಂದು ಮಾತ್ರ ಎಲ್ಲರಲ್ಲೂ ಒಂದೇ ನಮೂನಿ ಎಂದು ಹೆಂಡತಿ ಕಳಕವ್ವನಿಗೆ ಹೇಳುತ್ತಿದ್ದ.

ಕೊರೊನಾದ ಎರಡನೇ ವರ್ಷ ಮಕ್ತುಮಬಿ ತೀರಿಕೊಂಡಳು. ಗಾದಿ ಹೊಲಿಯುವ ದಾವಲಸಾಬನ ಹೆಂಡತಿ ಆಕೆ. ಹೆಣ್ಣುಮಗಳ ಕುಣಿಗೆ ಗಂಡನೋ ಮಗನೋ ಇಳಿಯುವುದು ರೂಢಿ. ಗಂಡು ಮಕ್ಕಳಿಲ್ಲ, ದಾವಲಸಾಬನಿಗೂ ರೋಗ ತಗುಲಿ, ಅವನನ್ನು ಖಬರಸ್ತಾನದ ಗೇಟಿನಾಚೆಯೇ ನಿಲ್ಲಿಸಿದ್ದರು.

"ದ್ಯಾವಪ್ಪಾ, ನೀನ ನನ್ನ ತಮ್ಮ ಅಂತ ತಿಳ್ಕೊಂಡೇನಿ. ನೀ ಇಳಿ. ಆಕಿ ಮಖಾ ಪಶ್ಚಿಮಕ್ಕ ಹೊಳ್ಳಿಸು," ಎಂದು ಅಲ್ಲಿಂದಲೇ ಕೈಮುಗಿದ.

ಆಂಬುಲೆನ್ಸಿನವರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹೆಣವನ್ನು ಹಗ್ಗದಿಂದ ಇಳಿಸಿ ಹೋದರು. ದ್ಯಾವಪ್ಪ ಒಂದು ಕಾಲು ಕುಣಿಗಿಟ್ಟ. ರೋಗ ತನಗೂ ತಗುಲೀತೆಂದು ಅಂಜಿದ. ಕಾಲು ತಕ್ಕೊಂಡ. ಮೋರೆ ಮೇಲಾಗಿ ಬಿದ್ದಿದ್ದ ಆಕೆಯ ಮೇಲೆ ಗಡಬಡಿಸಿ ಮಣ್ಣೆಳೆದ.

"ಹೊಳ್ಳಿಸಿದ್ಯೋ ಇಲ್ಲೋ?" ಗೇಟಿನಿಂದ ಕೂಗು ಬಂತು.

"ಹೊಳ್ಳಿಸೇನ್ರಿ, ಸಾಹೇಬ್ರ!"

ಆ ಒಂದು ಮಾತು ಅವನ ಹೊಟ್ಟೆಯಲ್ಲಿ ಕೂತುಬಿಟ್ಟಿತು. ದೇವರೊಬ್ಬನೇ, ಯಾವ ದಿಕ್ಕಿಗೆ ಮಲಗಿದರೇನು ಎಂದು ಸಮಾಧಾನ ಹೇಳಿಕೊಂಡ. ಆದರೆ ಕೂರಬೇಕಾದ ಒಬ್ಬ ಲಿಂಗಾಯತನನ್ನೂ ಅವನು ಈವರೆಗೆ ಮಲಗಿಸಿರಲಿಲ್ಲ. ಎಲ್ಲ ಧರ್ಮವೂ ಒಂದೇ ಎಂಬ ದೊಡ್ಡ ಮಾತು ತನ್ನ ಪುಕ್ಕಲುತನಕ್ಕೆ ಹೊದಿಕೆಯಾಗುವಾಗ ಮಾತ್ರ ನೆನಪಾಯಿತಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಪ್ರತಿ ರಂಜಾನ್ ಹಬ್ಬದ ಮುಂಜಾನೆ ದಾವಲಸಾಬ ಮಗಳು ಜಹೀದಾಳ ಕೈ ಹಿಡಿದು ಬರುತ್ತಾನೆ. ಹೂವಿಟ್ಟು, ದ್ಯಾವಪ್ಪನ ಎರಡೂ ಕೈ ಹಿಡಿದು ಅದನ್ನೇ ಕೇಳುತ್ತಾನೆ. ಹೌದು ಅನ್ನಿಸಿಕೊಂಡು, ಸುರಕುಂಬಾದ ಡಬ್ಬಿ ಕೊಟ್ಟು ಹೋಗುತ್ತಾನೆ. ಆ ಪಾಯಸವನ್ನು ದ್ಯಾವಪ್ಪ ಬಾಯಿಗಿಡುವುದಿಲ್ಲ. ಕಳಕವ್ವ ಕಾರಣ ಕೇಳಿದರೆ ಸಕ್ಕರೆ ಕಾಯಿಲೆ ಎನ್ನುತ್ತಾನೆ, ಇಲ್ಲದ ಕಾಯಿಲೆ.

ಈ ವರ್ಷ ತಡೆಯಲಾಗಲಿಲ್ಲ. ಮುದುಕ ಬೇವಿನ ನೆರಳಲ್ಲಿ ದಣಿವಾರಿಸಿಕೊಳ್ಳುವಾಗ, ನಳದ ಹತ್ತಿರ ಬಂದ ಜಹೀದಾಳಿಗೆ ಎಲ್ಲ ಹೇಳಿಬಿಟ್ಟ.

ಆಕೆ ನಳ ನಿಲ್ಲಿಸಿದಳು. "ಅಂದ್ರ ನೀವು ಇಳೀಲೇ ಇಲ್ಲೇನ್ರಿ, ಕಾಕಾ?"

"ಒಂದ ಕಾಲ ಇಟ್ಟಿದ್ನವ್ವಾ. ಅಂಜಿಕಿ ಆತು. ನಂದು ತಪ್ಪಾತು."

ಅಷ್ಟರಲ್ಲಿ ದಾವಲಸಾಬ ಕೋಲೂರಿಕೊಂಡು ಬಂದ. ಕೈ ಹಿಡಿದ. "ದ್ಯಾವಪ್ಪಾ, ಆವತ್ತು ಆಕಿ ಮಖಾ ಹೊಳ್ಳಿಸಿದ್ಯಲ್ಲಾ?"

ಇವತ್ತು ಇಲ್ಲವೆಂದೇ ಹೇಳಬೇಕೆಂದು ದ್ಯಾವಪ್ಪ ಬಾಯಿ ತೆರೆದ. ಅದಕ್ಕೂ ಮೊದಲೇ ಜಹೀದಾ ಹೇಳಿದಳು: "ಹೌದಪ್ಪಾ. ಕಾಕಾ ಈಗ ನನ್ನ ಮುಂದ ಅದನ್ನ ಹೇಳಾಕತ್ತಿದ್ರು."

ಮುದುಕನ ಮುಖ ಅರಳಿತು. ಅವನು ಗೇಟಿನ ಕಡೆ ಹೆಜ್ಜೆ ಹಾಕಿದ. ತಾನು ಹಗುರಾಗಲು ಹೋಗಿ ತಾಯಿಯಿಲ್ಲದ ಹುಡುಗಿಯ ಬಾಯಲ್ಲಿ ಸುಳ್ಳು ಹೊರಡಿಸಿದೆನಲ್ಲ ಎಂದು ದ್ಯಾವಪ್ಪ ತನ್ನನ್ನೇ ಬೈದುಕೊಂಡ.

ಜಹೀದಾ ಅವನ ಮುಖ ನೋಡಲಿಲ್ಲ. ದನಿ ತಗ್ಗಿಸಿ ಅಂದಳು: "ಮುಂದಿನ ವರ್ಷಾನೂ ಕೇಳ್ತಾನ, ಕಾಕಾ. ಇನ್ನ ಮ್ಯಾಲ ನೀವ ಹೌದನ್ರಿ. ನನ್ನ ಕೈಲೆ ಆಗೂದಿಲ್ಲ."